ಸಾವಿನ ಮೇಲೆ ಮುಚ್ಚದ ಪುಸ್ತಕ

ಸವದತ್ತಿಯಿಂದ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಒಂದು ಐತಿಹಾಸಿಕ ಕಾದಂಬರಿ ಇತ್ತು. ನನಗೆ ಓದು ಕಲಿಸಿದ ಅಪ್ಪನೇ ಇಟ್ಟದ್ದು. ಅದು ಅತ್ತೆಯ ಕಣ್ಣಿಗೆ ಬೀಳಲು ವಾರವೂ ಹಿಡಿಯಲಿಲ್ಲ.

"ಕಥಿ ಓದೋ ಹೆಣ್ಣಿಗೆ ಒಲಿ ಮ್ಯಾಲಿನ ಹಾಲು ಕಾಣೂದಿಲ್ಲ. ನಿಮ್ಮಪ್ಪ ಬಂದಾಗ ಹೊಳ್ಳಿ ಕೊಟ್ಟಬಿಡು," ಎಂದರು.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಒಂದ ಹಾಳಿ ಕೇಳ್ರಿ, ಅತ್ತಿ. ಆಮ್ಯಾಲ ಕೊಟ್ಟ ಕಳಸೂಣು," ಎಂದೆ. ಹತ್ತಿಯ ಕಸ ಆರಿಸುತ್ತ ಕೂತಿದ್ದವರು ಬೇಡ ಎನ್ನಲಿಲ್ಲ.

ಕಾದಂಬರಿಯ ರಾಣಿ ತನ್ನ ಮಗನನ್ನು ಯುದ್ಧಕ್ಕೆ ಕಳಿಸುವ ಪುಟ ತೆಗೆದೆ. ಬರೆದವರು ಅವಳನ್ನು ಅಭಿಮನ್ಯುವಿನ ತಾಯಿಗೆ ಹೋಲಿಸಿದ್ದರು. ಅತ್ತೆಯ ಕೈ ನಿಂತಿತು. "ಅಯ್ಯ, ಸುಭದ್ರಿ ಅಲ್ಲೇನ! ಇದು ನಮ್ಮ ಭಾರತದ್ದ ಐತಲ್ಲ!"

ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬೆಳೆದವರು. ಕಾದಂಬರಿಯನ್ನೂ ಅದರ ಸಾಲಿಗೇ ಸೇರಿಸಿಬಿಟ್ಟರು. ತಿದ್ದಲು ನಾನೇನು ದಡ್ಡಿಯೇ?

ಅಂದಿನಿಂದ ದಿನಾ ಮಧ್ಯಾಹ್ನ ಕೈಕಾಲು ತೊಳೆದು ಕೇಳಲು ಬಂದು ಕೂಡುತ್ತಿದ್ದರು. ಮುಂದೊಂದು ಕಡೆ ರಾಣಿ ಹಾಳಾದ ಹಂಪೆಯನ್ನು ನೆನೆದು ತನ್ನ ಕೋಟೆಯ ಗೋಡೆ ಮುಟ್ಟುತ್ತಾಳೆ. ಅತ್ತೆ ಹಂಪೆ ಕಂಡವರಲ್ಲ, ಆದರೆ ಕಿತ್ತೂರಿನ ಮಗಳು. "ನಮ್ಮ ಕ್ವಾಟಿ ಬಿದ್ದಾಗ ನಮ್ಮಜ್ಜಿ ಸಣ್ಣಾಕಿ. ಹಿಂಗ ಗ್ವಾಡಿ ಮುಟ್ಟಿ ಅತ್ತಿದ್ಲಂತ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಂಪೆಯ ಹೆಸರನ್ನು ನಾನು ಸುಮ್ಮನೆ ಓದಿ ದಾಟಿದ್ದೆ. ಬರೆದವರು ಅದನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಎಂದು ತಿಳಿದದ್ದು ಅವರ ಕಣ್ಣೀರಿನಿಂದ. ಅದಕ್ಕಾಗಿ ಇಂದಿಗೂ ಮನಸ್ಸಿನಲ್ಲೇ ಅವರಿಗೆ ಕೈಮುಗಿಯುತ್ತೇನೆ.

ಕೊನೆಯ ಪುಟದಲ್ಲಿ ರಾಣಿ ಸತ್ತಳು. ನಾನು ಪುಸ್ತಕ ಮುಚ್ಚಹೋದೆ.

"ಮುಚ್ಚಬ್ಯಾಡ! ಸಾವಿನ ಮ್ಯಾಲ ಪುರಾಣ ನಿಲ್ಲಸ್ತಾರೇನ? ಮುಂದ ಓದು."

"ಮುಂದ ಹಾಳೀನ ಇಲ್ರಿ."

ಅತ್ತೆ ಕೊನೆಯ ಹಾಳೆಯನ್ನು ತಾವೇ ತಿರುವಿ ನೋಡಿದರು. "ಹಂಗಾರ ಮೊದಲಿಂದ ಹಿಡಿ. ಪಟ್ಟ ಕಟ್ಟೂದು ಐತಲ್ಲ, ಅಲ್ಲಿ ನಿಲ್ಲಸು."

ರಾಣಿಗೆ ಮತ್ತೆ ಪಟ್ಟವಾಯಿತು. ಅಷ್ಟಕ್ಕೆ ಬಿಡಲು ಅತ್ತೆಗೇ ಮನಸ್ಸಾಗಲಿಲ್ಲ. ಮರುದಿನ ಕಥೆ ಮುಂದುವರಿಯಿತು.

ಅಷ್ಟರಲ್ಲಿ ಅಪ್ಪ ಬಂದರು. ಕೊಟ್ಟ ಮಾತು ನೆನಪಾಗಿ ನಾನು ಪುಸ್ತಕ ತಂದು ಹಿಡಿದು ನಿಂತೆ. ಅತ್ತೆ ಅವರ ಮುಂದೆ ಬೆಲ್ಲ, ನೀರು ಇಟ್ಟರು.

"ಆ ಪುಸ್ತಕ ಇಲ್ಲೇ ಇರಲ್ರಿ, ಬೀಗರ. ಇನ್ನೂ ಮುಗದಿಲ್ಲ. ಇನ್ನೊಂದು ಇದ್ರ ತರ್ರಿ. ಆದರ ಕಡೀಕ ಯಾರೂ ಸಾಯದ್ದು ನೋಡಿ ತರ್ರಿ."