ಗಾಜಿನ ಎಳೆಗೆ ಅರಿಶಿನ

ನಮ್ಮ ಅತ್ತೆಯ ಭಕ್ತಿ ಕಂಡು ನಾನು ತಲೆ ಚಚ್ಚಿಕೊಂಡದ್ದು ಒಂದೆರಡು ಸಲವಲ್ಲ. ಆದರೆ ಕ್ಯಾಂಟನ್‌ನಲ್ಲಿ ಮಾತ್ರ ನಿಜಕ್ಕೂ ಅಳು ಬಂತು.

ಅಮೆರಿಕದ ಲೈಲ್ ಎಂಬ ಊರಿನ ಪುಟ್ಟ ಕಂಪನಿಯೊಂದರಲ್ಲಿ ನನ್ನ ಕೆಲಸ. ದ್ರವಕ್ಕೆ ಲೇಸರ್ ಹಾಯಿಸಿದರೆ, ಅದರಲ್ಲಿ ಏನೇನಿದೆ ಎಂದು ಹೇಳುವ ರಾಮನ್ ಬೆಳಕು ಹೊರಡುತ್ತದೆ. ಆದರೆ ತೀರಾ ಕ್ಷೀಣ. ಅದಕ್ಕೇ ಕೂದಲಿನಷ್ಟು ಸಣ್ಣ ಟೊಳ್ಳು ಗಾಜಿನ ಎಳೆಯೊಳಗೆ ದ್ರವ ತುಂಬಿಸಿ, ಉದ್ದಕ್ಕೂ ಲೇಸರ್ ಓಡಿಸುತ್ತೇವೆ. ದಾರಿಯುದ್ದಕ್ಕೂ ಹುಟ್ಟಿದ್ದೆಲ್ಲ ಕೂಡಿ ಸಿಗ್ನಲ್ ಬಲವಾಗುತ್ತದೆ. ಕಾರಿನಲ್ಲಿ ಕೆಲವು ಗಂಟೆ ದೂರದ ಕ್ಯಾಂಟನ್‌ನ ಬ್ಯಾಟರಿ ಕಂಪನಿ ತನ್ನ ದ್ರವದ ಪರೀಕ್ಷೆಗೆ ಈ ಯಂತ್ರ ಕೊಳ್ಳಲು ಒಪ್ಪಿದರೆ ನನ್ನ ಕೆಲಸ ಉಳಿಯುತ್ತಿತ್ತು. ಇಲ್ಲದಿದ್ದರೆ ಕೆಲಸದ ಜೊತೆ ವೀಸಾನೂ ಹೋಗಿ, ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕಿತ್ತು.

ಅಲ್ಲಿ ಯಂತ್ರ ತೋರಿಸುವ ಹಿಂದಿನ ದಿನ ಆಯುಧಪೂಜೆ. ಅಂದೇ ಸಂಜೆ ಹೊರಡಬೇಕೆಂದು ಯಂತ್ರದ ಪೆಟ್ಟಿಗೆಯನ್ನು ಅರೋರಾ ಊರಿನ ನಮ್ಮ ಮನೆಗೆ ತಂದಿಟ್ಟಿದ್ದೆ. ಮೈಸೂರಿನಿಂದ ಬಂದಿದ್ದ ಅತ್ತೆ ಕಾರು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದರು.

"ಅತ್ತೆ, ನಿಮ್ಮ ದಮ್ಮಯ್ಯ, ಆ ಪೆಟ್ಟಿಗೆ ಮಾತ್ರ ಮುಟ್ಬೇಡಿ."

"ಅಯ್ಯೋ, ನಾನ್ಯಾಕೆ ಮುಟ್ಲಿ ಬಿಡಮ್ಮ."

ಕ್ಯಾಂಟನ್‌ನಲ್ಲಿ ಎಲ್ಲರೆದುರು ಯಂತ್ರ ಶುರು ಮಾಡಿದೆ. ಪರದೆಯ ಮೇಲೆ ಚೂಪು ಚೂಪು ಗೆರೆಗಳು ಏಳಬೇಕಾದಲ್ಲಿ ಒಂದೇ ದೊಡ್ಡ ಗುಡ್ಡ! ಮುಚ್ಚಳ ತೆಗೆದು ನೋಡಿದರೆ, ಹೊರಗಿನ ನಳಿಕೆಯಿಂದ ಬಂದ ದ್ರವ ಎಳೆಗೆ ಇಳಿಯುವ ತೂತಿನ ಬಾಯಿಗೇ ಅಚ್ಚುಕಟ್ಟಾದ ಹಳದಿ ಬೊಟ್ಟು. ಥೂ! ಹಸಿರು ಲೇಸರ್ ಬಿದ್ದರೆ ಅರಿಶಿನ ತಾನೇ ಹೊಳೆಯುತ್ತದೆ. ಅದು ದ್ರವದಲ್ಲಿ ಕರಗಿ ಒಳಗೆ ಹೋಗಿತ್ತು. ಸಣ್ಣದನ್ನು ದೊಡ್ಡದು ಮಾಡುವುದೇ ಆ ಎಳೆಯ ಕೆಲಸ ತಾನೆ, ಅರಿಶಿನದ ಹೊಳಪನ್ನೂ ಬಲು ಶ್ರದ್ಧೆಯಿಂದ ದೊಡ್ಡದು ಮಾಡಿತ್ತು.

ಅಲ್ಲಿನ ಮ್ಯಾನೇಜರ್, ಊಟ ಮುಗಿಸಿ ಬರುವಷ್ಟರಲ್ಲಿ ಸರಿಯಾದರೆ ನೋಡುತ್ತೇವೆ, ಇಲ್ಲದಿದ್ದರೆ ಬಿಡಿ ಎಂದು ಎದ್ದು ಹೋದರು. ತೂತನ್ನು ತಿಕ್ಕಿ ತೊಳೆದೆ. ಬೇರೆ ಎಳೆ ಜೋಡಿಸಿ, ಗುಳ್ಳೆ ಬರದಂತೆ ಉಸಿರು ಬಿಗಿಹಿಡಿದು ದ್ರವ ತುಂಬಿಸಿದೆ. ಅತ್ತೆಗೆ ಹೇಳಬೇಕಾದ್ದನ್ನೆಲ್ಲ ಅಲ್ಲೇ ಬಾಯಿಪಾಠ ಮಾಡಿಕೊಂಡೆ. ಕಂಪನಿಯವರು ಊಟ ಮುಗಿಸಿ ಬಂದಾಗ ಗೆರೆಗಳು ನೆಟ್ಟಗೆ ಎದ್ದು ನಿಂತಿದ್ದವು. ಮ್ಯಾನೇಜರ್ ಬಗ್ಗಿ ನೋಡಿದರು, ಇನ್ನೊಂದು ಸಲ ತೋರಿಸಲು ಹೇಳಿದರು, ಆಮೇಲೆ ಒಪ್ಪಿಕೊಂಡರು.

ಕಾರು ಹತ್ತಿದವಳೇ ಮನೆಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು.

"ಕೆಲಸ ಉಳೀತೇನಮ್ಮ? ಬೆಳಗ್ಗಿಂದ ಒಂದು ತೊಟ್ಟು ನೀರು ಕುಡಿದಿಲ್ಲ ನಾನು. ಹೊರಗಡೆ ಬೊಟ್ಟಿಟ್ರೆ ಅಲ್ಲಿಯವ್ರು ನಿನ್ನ ನೋಡಿ ನಗ್ತಾರೇನೋ ಅಂತ ಒಳಗಡೆ ಇಟ್ಟೆ ಕಣೆ. ಬೈಬೇಡ."

ಇವರನ್ನು ಏನೆಂದು ಬೈಯಲಿ?

"ಉಳೀತು ಅತ್ತೆ. ಮೊದ್ಲು ಊಟ ಮಾಡಿ" ಎಂದೆ.

ಫೋನ್ ಇಟ್ಟು, ಕಾರಿನ ಗಾಜು ಏರಿಸಿ, ಗಂಟಲು ಹರಿಯುವ ಹಾಗೆ ಕಿರುಚಿದೆ.