ಆಟಿಗೆ ಜಾರಿದ ದಾರಂದ

ಮನೆ ಕಟ್ಟಿಸುವವರು ಕೇಳುವ ಪ್ರಶ್ನೆಗಳಲ್ಲಿ ನಾನು ಹೆದರುವುದು ಒಂದಕ್ಕೇ: "ಯಾವಾಗ ಆಗ್ತದೆ?" ಸಿಮೆಂಟು ಯಾವುದು, ಕಬ್ಬಿಣ ಎಷ್ಟು ದಪ್ಪ ಎಂದು ಕೇಳಿ ನೋಡಿ, ಒಂದು ಭಾಷಣವನ್ನೇ ಮಾಡುತ್ತೇನೆ. ಯಾವಾಗ ಎಂದರೆ ಮಾತ್ರ ಆಕಾಶ ನೋಡುತ್ತೇನೆ. ಮಂಗಳೂರಿನಲ್ಲಿ ಅದಕ್ಕೊಂದು ಅನುಕೂಲವೂ ಇದೆ. ಅರ್ಧ ವರ್ಷ ಅಲ್ಲಿ ಮೋಡವಿರುವುದರಿಂದ, ನಾನು ಮಳೆಯ ಲೆಕ್ಕ ಹಾಕುತ್ತಿದ್ದೇನೆ ಎಂದು ಜನ ತಿಳಿಯುತ್ತಾರೆ.

ಈ ಹೆದರಿಕೆಗೆ ಮದ್ದು ಹುಡುಕಿಕೊಂಡೇ ನಾನು ಸಾಫ್ಟ್‌ವೇರ್ ಕೊಳ್ಳಲು ಹೊರಟದ್ದು. ನಮ್ಮದು ಕದ್ರಿಯಲ್ಲಿ ಒಂದೇ ಕೋಣೆಯ ಕಂಪೆನಿ. ನಕ್ಷೆ, ಆಫೀಸು ನನ್ನದು. ಸೈಟು ನನ್ನ ಪಾಲುದಾರ ಅಶ್ರಫನದು. ಯಾವ ದಿನ ಮೇಸ್ತ್ರಿ, ಯಾವ ದಿನ ಪ್ಲಂಬರ್ ಎಂಬುದೆಲ್ಲ ಅವನ ತಲೆಯಲ್ಲಿರುತ್ತದೆ. ಆ ತಲೆಗೆ ಜ್ವರ ಬಂದರೆ ಕಂಪೆನಿಗೇ ರಜೆ.

ಮೂರು ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದೆ. ಮೊದಲನೆಯದು ವಿಮಾನ ನಿಲ್ದಾಣ ಕಟ್ಟುವವರಿಗಾಗಿ ಮಾಡಿದ್ದಿರಬೇಕು. ನಿಮ್ಮಲ್ಲಿ ಎಷ್ಟು ವಿಭಾಗಗಳಿವೆ, ಮುಖ್ಯಸ್ಥರು ಯಾರು ಯಾರು ಎಂದು ಕೇಳಿತು. ನಾನು, ಅಶ್ರಫ್ ಮುಖ ಮುಖ ನೋಡಿಕೊಂಡೆವು. ಎರಡನೆಯದು ಗೋಡೆಯ ಕ್ಯಾಲೆಂಡರಿಗಿಂತ ಹೆಚ್ಚಿನದೇನನ್ನೂ ಹೇಳಲಿಲ್ಲ. ನಾನು ಮನಸೋತದ್ದು ಮೂರನೆಯದಕ್ಕೆ. ಒಂದು ಮನೆಗೆ ಬೇಕಾದ ಕೆಲಸಗಳೆಲ್ಲ ಅದರಲ್ಲಿ ಮೊದಲೇ ಸಾಲಾಗಿ ಜೋಡಿಸಿಟ್ಟಿದ್ದವು. ಒಂದು ಕೆಲಸ ತಡವಾದರೆ ಅದಕ್ಕಾಗಿ ಕಾದಿರುವ ಕೆಲಸಗಳೂ ತಾವಾಗಿಯೇ ಮುಂದಕ್ಕೆ ಸರಿಯುತ್ತಿದ್ದವು. ಹೊಸ ದಿನಾಂಕವನ್ನು ಮನೆಯವರ ಮೊಬೈಲಿಗೂ ಅದೇ ಕಳುಹಿಸುತ್ತಿತ್ತು. ನನಗೆ ಇನ್ನೇನು ಬೇಕು?

"ಶೆಟ್ರೆ, ಅದು ಎಂತ ಬೇಕಾದ್ರೂ ಮಾಡ್ಲಿ. ವನಜಕ್ಕನ ಮನೆಗೆ ಮಾತ್ರ ಹಾಕ್ಬೇಡಿ ಮಾರಾಯ್ರೆ" ಎಂದ ಅಶ್ರಫ್.

ಆದರೆ ಆಗ ನಮ್ಮ ಕೈಯಲ್ಲಿದ್ದದ್ದು ಅದೊಂದೇ ಮನೆ; ಪರೀಕ್ಷೆಗೆ ಅದನ್ನೇ ಹಾಕಿದೆ. ಅದೂ ತಪ್ಪಿದರೆ ಕದ್ರಿಯ ಕೋಣೆಗೆ ಬೀಗ ಹಾಕುವುದೇ ಸೈ. ವನಜಕ್ಕ ಪಡೀಲಿನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಬಟ್ಟೆ ಹೊಲಿಯುವವರು, ಒಂಟಿ ಹೆಂಗಸು. ಮೊದಲಿನ ಕಂಟ್ರಾಕ್ಟರ್ ಅವರ ಜಾಗದಲ್ಲಿ ಅಡಿಪಾಯ ಹಾಕಿ ಕಾಣೆಯಾಗಿದ್ದ. ಅದರ ಮೇಲೆ ಹುಲ್ಲು ಬೆಳೆದ ಮೇಲೆ ನಾವು ಹೋದದ್ದು. ಈ ಸಲವಾದರೂ ಎಲ್ಲ ಒಳ್ಳೆಯ ದಿನ ನೋಡಿಯೇ ಆಗಬೇಕೆಂದು ಅವರು ಜ್ಯೋತಿಷಿಗಳನ್ನು ಕೇಳಿ ದಾರಂದಕ್ಕೆ, ಅಂದರೆ ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವುದಕ್ಕೆ, ಒಂದು ಶುಕ್ರವಾರ ಗೊತ್ತುಮಾಡಿದ್ದರು. ಅದು ತಪ್ಪಿದರೆ ಆಟಿ ತಿಂಗಳು. ತುಳುನಾಡಿನಲ್ಲಿ ಆಟಿಯಲ್ಲಿ ಯಾರೂ ಶುಭಕಾರ್ಯಕ್ಕೆ ಕೈಹಾಕುವುದಿಲ್ಲ.

ಯೋಚಿಸಿದರೆ ಜ್ಯೋತಿಷಿ ಮತ್ತು ಸಾಫ್ಟ್‌ವೇರ್ ಒಂದೇ ಕಸುಬಿನವರು. ಇಬ್ಬರೂ ಸೈಟಿಗೆ ಬರುವುದಿಲ್ಲ, ಇಬ್ಬರೂ ದಿನಾಂಕ ಕೊಡುತ್ತಾರೆ. ಜ್ಯೋತಿಷಿ ದಿನ ಕೊಟ್ಟರೆ ಕೆಲಸ ಅದಕ್ಕೆ ಬಗ್ಗಬೇಕು. ಸಾಫ್ಟ್‌ವೇರಿನಲ್ಲಿ ಕೆಲಸ ಜಾರಿದರೆ ದಿನವೇ ಬಗ್ಗುತ್ತದೆ. ಮನುಷ್ಯಕುಲ ಇಷ್ಟು ಸಾವಿರ ವರ್ಷ ಇವರಲ್ಲಿ ಒಬ್ಬರನ್ನು ನಂಬಿಯೇ ಮನೆ ಕಟ್ಟಿದೆ. ಇಬ್ಬರನ್ನೂ ಒಟ್ಟಿಗೆ ನಂಬಿದ ಜಾಣ ನಾನು.

ಆ ವಾರ ಜಡಿಮಳೆ ಹಿಡಿದು ಕಲ್ಲು ಕಡಿಯುವ ಕೋರೆಯಲ್ಲಿ ನೀರು ನಿಂತಿತು. ಗೋಡೆಗೆ ಬೇಕಾದ ಕೆಂಪುಕಲ್ಲಿನ ಲಾರಿ ಬರಲಿಲ್ಲ. ನಾನು ಪ್ರಾಮಾಣಿಕನಾಗಿ "ಕಲ್ಲು ತಡ" ಎಂದು ಒತ್ತಿದೆ. ಸಾಫ್ಟ್‌ವೇರ್ ಗೋಡೆಯನ್ನು ಮುಂದಕ್ಕೆ ತಳ್ಳಿತು, ಗೋಡೆಯ ಬೆನ್ನಿಗೇ ದಾರಂದವನ್ನೂ ತಳ್ಳಿತು, ತಳ್ಳಿದ್ದನ್ನು ವನಜಕ್ಕನಿಗೆ ತಿಳಿಸಿಯೂ ಬಿಟ್ಟಿತು. ನಾನು ಚಹಾ ಕುಡಿಯುತ್ತಿದ್ದೆ. ಫೋನು ಬಂತು.

"ಇಂಜಿನಿಯರ್ರೆ, ಆಟಿಯಲ್ಲಿ ದಾರಂದ ಇಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು? ನಾಳೆಯಿಂದ ಕೆಲಸ ಬೇಡ. ನಾನು ಬೇರೆಯವರನ್ನು ನೋಡ್ತೇನೆ."

ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅಶ್ರಫನಿಗೆ ಹೇಳಿದಾಗ ಅವನು ಪರದೆಯ ಮೇಲಿನ ಸಾಲನ್ನೊಮ್ಮೆ ಓದಿ ನನ್ನ ಮುಖ ನೋಡಿದ. "ಗೋಡೆ ಆಗಿ ಮತ್ತೆ ದಾರಂದವಾ? ನೀವು ಯಾವ ಊರಿನವರು ಶೆಟ್ರೆ?"

ಹೌದಲ್ಲ! ಎಲ್ಲಿಯವರೋ ಜೋಡಿಸಿದ ಸಾಲಿನಲ್ಲಿ ಮೊದಲು ಗೋಡೆ, ಆಮೇಲೆ ಬಾಗಿಲು. ನಮ್ಮಲ್ಲಿ ಮುಹೂರ್ತಕ್ಕೆ ದಾರಂದ ನಿಲ್ಲಿಸಿ, ಗೋಡೆಯನ್ನು ಅದರ ಆಚೀಚೆ ಕಟ್ಟುತ್ತಾ ಬರುತ್ತಾರೆ. ಹುಟ್ಟಿದಂದಿನಿಂದ ನೋಡಿದ್ದನ್ನು ಕಂಪ್ಯೂಟರಿನ ಎದುರು ಕುಳಿತ ಕೂಡಲೇ ಮರೆತಿದ್ದೆ.

ಮಳೆಯಲ್ಲೇ ಇಬ್ಬರೂ ಕಾರು ಹತ್ತಿ ಪಡೀಲಿಗೆ ಹೋದೆವು. ಬಾಗಿಲಲ್ಲಿ ನಮ್ಮನ್ನು ಕಂಡರೂ ವನಜಕ್ಕ ಹೊಲಿಗೆ ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಸಾಫ್ಟ್‌ವೇರ್, ಸಾಲು, ಕೆಂಪುಕಲ್ಲು ಎಂದು ತೊದಲಿದೆ. ಹೊಲಿಗೆ ಯಂತ್ರ ನಿಂತಿತು.

"ಮೊದಲಿನವನೂ ಹೀಗೇ. ಬರುವ ವಾರ, ಬರುವ ವಾರ ಅಂತ ಮೆಸೇಜ್ ಹಾಕ್ತಿದ್ದ. ಒಂದು ದಿನ ಅದೂ ನಿಂತಿತು. ನಿಮ್ಮ ಮೆಸೇಜ್ ನೋಡಿದ ಕೂಡ್ಲೇ ನನಗೆ ಅದೇ ನೆನಪಾದದ್ದು." ಅವರು ನನ್ನತ್ತ ತಿರುಗಿದರು. "ತಡ ಆಗುವುದಾದ್ರೆ ನನ್ನ ಮುಖ ನೋಡಿ ಹೇಳಿ. ಅಷ್ಟಕ್ಕೂ ಧೈರ್ಯ ಇಲ್ಲವಾ?"

ಇರಲಿಲ್ಲ. ಅದು ಇಲ್ಲದ್ದಕ್ಕೇ ಅಲ್ಲವೇ ನಾನು ಮೂರು ಸಾಫ್ಟ್‌ವೇರ್ ನೋಡಿದ್ದು? ನಾಚಿಕೆಯಾಯಿತು. "ಶುಕ್ರವಾರವೇ ದಾರಂದ ಇಡ್ತೇವೆ ವನಜಕ್ಕ. ಗೋಡೆ ಮಾತ್ರ ತಡ ಆಗ್ತದೆ. ಎಷ್ಟು ಅಂತ ಕಲ್ಲು ಬಂದ ದಿನ ನಾನೇ ಬಂದು ಹೇಳ್ತೇನೆ" ಎಂದೆ. ಅವರು ಅಶ್ರಫನನ್ನು ನೋಡಿದರು. ಅವನು ತಲೆಯಾಡಿಸಿದ. ಆಮೇಲೆ ಹೊಲಿಗೆ ಮುಂದುವರಿಯಿತು; ಬೇಡ ಎನ್ನಲಿಲ್ಲ ಎಂಬುದೇ ನಮಗೆ ಸಿಕ್ಕ ಒಪ್ಪಿಗೆ.

ಶುಕ್ರವಾರ ಬೆಳಿಗ್ಗೆ ಟಾರ್ಪಾಲಿನ ಕೆಳಗೆ ದಾರಂದ ನಿಂತಿತು, ಮಾವಿನೆಲೆ ಕಟ್ಟಿಕೊಂಡು, ಆಚೆ ಈಚೆ ಒಂದು ಕಲ್ಲೂ ಇಲ್ಲದೆ. ಸುತ್ತ ಎಲ್ಲಿಂದ ಬೇಕಾದರೂ ದಾಟಬಹುದಿತ್ತು. ಆದರೂ ಬಂದವರೆಲ್ಲ ಅದರೊಳಗಿಂದಲೇ ಹೋದರು, ನಾವೂ ಹೋದೆವು. ಗೋಡೆ ಮುಗಿಯದೆ ಈ ಕೆಲಸ ಮುಗಿಯುವಂತಿಲ್ಲ ಎಂದು ಸಾಫ್ಟ್‌ವೇರ್ ಕೆಂಪು ಬಣ್ಣದಲ್ಲಿ ತಕರಾರು ಮಾಡುತ್ತಲೇ ಇತ್ತು.

ಅದನ್ನೇ ಕೊಂಡೆವು. ಸಿಮೆಂಟು ಯಾವಾಗ ತರಿಸಬೇಕೆಂದು ಅದು ಅಶ್ರಫನ ತಲೆಗಿಂತ ಚೆನ್ನಾಗಿ ಹೇಳುತ್ತದೆ; ಜ್ವರವೂ ಬರುವುದಿಲ್ಲ. ಮನೆಯವರಿಗೆ ಮೆಸೇಜ್ ಕಳುಹಿಸುವ ಸೌಲಭ್ಯವನ್ನು ಮಾತ್ರ ಮುಚ್ಚಿಸಿದ್ದೇನೆ. ದಿನ ಜಾರಿದಾಗಲೆಲ್ಲ ನಾನೇ ಪಡೀಲಿಗೆ ಹೋಗುತ್ತೇನೆ. ಹೋಗುವಾಗ ಈಗಲೂ ಒಮ್ಮೆ ಆಕಾಶ ನೋಡುತ್ತೇನೆ. ಗೇಟಿನಲ್ಲಿ ನನ್ನನ್ನು ಕಂಡ ಕೂಡಲೇ ವನಜಕ್ಕ ಹೊಲಿಗೆ ನಿಲ್ಲಿಸಿ ಕುರ್ಚಿ ಎಳೆಯುತ್ತಾರೆ.

"ಎಷ್ಟು ದಿನ? ಮೊದಲು ಅದು ಹೇಳಿ, ಮತ್ತೆ ಕೂತ್ಕೊಳ್ಳಿ."