ಮೊದಲನೇ ಏಟು

ರವಿವಾರ ಕೆಲಗೇರಿ ಕೆರಿ ದಂಡ್ಯಾಗ ನಾವೊಂದಿಷ್ಟು ಮಂದಿ ಸೈನಿಕರ ವೇಷ ಹಾಕ್ಕೊಂಡು ಯುದ್ಧದ ಆಟ ಆಡ್ತೇವಿ. ಕತ್ತಿ ಮಾಡಾವ ನಾನು. ಒಳಗ ಪ್ಲಾಸ್ಟಿಕ್ ಪೈಪು, ಸುತ್ತ ದಪ್ಪ ಫೋಮು, ಮ್ಯಾಲ ಟೇಪು. ಹೊಸ ಕತ್ತಿಯ ಮೊದಲನೇ ಏಟು ಅದನ್ನ ಮಾಡಿದವನ ಬೆನ್ನಿಗೇ ಬೀಳಬೇಕು. ನೋವಾಗಲಿಲ್ಲ ಅಂದ್ರ ಮಾತ್ರ ಅದು ಆಟಕ್ಕ.

ಒಂದು ಸಲ ನೋಡಾಕ ಬಂದಿದ್ದ ನಮ್ಮಣ್ಣನ ಕೈಗೆ ಕತ್ತಿ ಕೊಟ್ಟು, "ಜೋರಾಗಿ ಹೊಡಿ ಅಣ್ಣಾ" ಅಂತ ಬೆನ್ನು ತಿರುವಿ ನಿಂತೆ. ಮನ್ಯಾಗ ಯಾರಿಗೂ ಎದುರು ಮಾತಾಡದ ಮನುಷ್ಯ ಅಂವ. ಹೊಡದ. ಸಾಕು ಅಂದ್ರೂ ಬಿಡಲಿಲ್ಲ, ಮತ್ತ ಮತ್ತ ಹೊಡದ. ಕಡೀಕ ಏದುಸಿರು ಬಿಡ್ಕೋತ "ನೋವಾತೇನು?" ಅಂದ.

ಖರೇನ ಆಗಿರಲಿಲ್ಲ. ಆದ್ರ ಅವಗ ನನ್ನ ಮ್ಯಾಲ ಅಷ್ಟು ಸಿಟ್ಟೈತಿ ಅಂತ ನನಗ ಗೊತ್ತಿರಲಿಲ್ಲ. ಯಾಕಂತ ಇನ್ನೂ ಕೇಳಿಲ್ಲ. ಹೊಸ ಕತ್ತಿ ಮಾಡಿದಾಗೆಲ್ಲ ಅವನ ಕೈಗೇ ಕೊಡ್ತೇನಿ.